ಹನ್ನೆರಡನೆಯ ಬಲಗೈ

ಅಕ್ಕನ ಕೈ ರೋಲರಿಗೆ ಸಿಕ್ಕಿದ್ದು ಮಂಗಳವಾರ, ಸಂಜೆ ನಾಲ್ಕಕ್ಕೆ ಹತ್ತು ನಿಮಿಷವಿರುವಾಗ. ನಾಲ್ಕೂವರೆಗೆ ರೋಲರ್ ಮತ್ತೆ ತಿರುಗುತ್ತಿತ್ತು. ನಡುವಿನ ನಲವತ್ತು ನಿಮಿಷದಲ್ಲಿ ಆಂಬುಲೆನ್ಸ್ ಬಂದು ಹೋಯಿತು, ಕಬ್ಬಿಣಕ್ಕೆ ಅಂಟಿದ್ದನ್ನು ಒರೆಸಿದ್ದಾಯಿತು, ಹಾಳಾದ ಬೆಡ್‌ಶೀಟನ್ನು ಗುಜರಿ ಚೀಲಕ್ಕೆ ತುರುಕಿದ್ದಾಯಿತು, ಸೂಪರ್‌ವೈಸರ್ ಅಪಘಾತದ ಪುಸ್ತಕ ತೆರೆದು ಕಾರಣವನ್ನೂ ಬರೆದು ಮುಗಿಸಿದ. ಕಾರ್ಮಿಕಳ ಅಜಾಗರೂಕತೆ. ಹದಿನಾಲ್ಕು ವರ್ಷದ ದುಡಿಮೆಗೆ ಎರಡು ಪದದ ತೀರ್ಪು.

ನಮ್ಮದು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆ. ಕೊಳೆ ಬಟ್ಟೆ ಹಿಂಬಾಗಿಲಿನಿಂದ ಬರುತ್ತದೆ, ಗರಿಗರಿಯಾಗಿ ಮುಂಬಾಗಿಲಿನಿಂದ ಹೋಗುತ್ತದೆ. ಆಸ್ಪತ್ರೆಯವರು ಕೊಳೆಯಾದ ಬೆಡ್‌ಶೀಟಿನ ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿ ಕಳಿಸುತ್ತಾರೆ. ಆ ಗಂಟು ಬಿಚ್ಚುವ ಮೇಜು ನನ್ನದು. ಬಿಚ್ಚಿದ್ದು ಒಗೆಯುವ ಯಂತ್ರಕ್ಕೆ, ಅಲ್ಲಿಂದ ಹಸಿಯಾಗಿಯೇ ಅಕ್ಕನ ಸಾಲಿಗೆ. ಅಲ್ಲಿ ಆಳೆತ್ತರದ, ಕೆಂಡದಂತೆ ಕಾದ ರೋಲರ್. ಸಾಲಿನ ಹದಿನಾಲ್ಕು ಹೆಂಗಸರಲ್ಲಿ ಒಂದು ಸಲಕ್ಕೆ ಇಬ್ಬರು ಎರಡು ಮೂಲೆ ಹಿಡಿದು ಬಟ್ಟೆ ಉಣಿಸಬೇಕು. ಆಚೆ ಇಬ್ಬರು ತೆಗೆದು ಮಡಚಬೇಕು. ರೋಲರಿನ ಬಾಯಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಇದೆ. ಕೈ ಒಳಗೆ ಹೋದರೆ ಪಟ್ಟಿ ತಾಗಿ ಯಂತ್ರ ನಿಲ್ಲಬೇಕು, ಸೈರನ್ ಕೂಗಬೇಕು. ಅಕ್ಕನ ಕೈ ಹೋದಾಗ ಅದು ನಿಲ್ಲಲಿಲ್ಲ. ಕೂಗಿದ್ದು ಅಕ್ಕ.

ಮೂರು ಬೆರಳು ತೆಗೆದರು. ಉಳಿದ ಎರಡು ಸುಟ್ಟು ಅಂಟಿಕೊಂಡಿದ್ದವು; ಅವನ್ನು ಬಿಡಿಸಲು ಇನ್ನೂ ಎರಡು ಆಪರೇಷನ್ ಬೇಕೆಂದರು. ನಾನು ವಾರ್ಡಿಗೆ ಹೋದಾಗ ಅಕ್ಕ ಎಡಗೈಯಲ್ಲಿ ಹಾಸಿಗೆಯ ಬಟ್ಟೆ ಸವರುತ್ತಾ ಮಲಗಿದ್ದಳು.

"ನೋಡೇ, ನಮ್ ಸಾಲಿನ ಮಡಿಕೆ ಇದು," ಅಂದಳು. "ಆಚೆ ಸಾಲಿನೋರು ಇಷ್ಟು ನೀಟಾಗಿ ಮಡಚಲ್ಲ."

"ಸುಮ್ನಿರಕ್ಕ."

"ನನ್ನದೇ ತಪ್ಪು ಕಣೇ. ಹಿಂದಿನ ದಿನ ಮನೆ ಓನರ್ ಜೊತೆ ಬಾಡಿಗೆ ವಿಷಯಕ್ಕೆ ಮಾತು ಬೆಳೀತಲ್ಲ, ಅದನ್ನೇ ಯೋಚ್ನೆ ಮಾಡ್ತಿದ್ದೆ. ಕೆಲಸದ ಹೊತ್ನಲ್ಲಿ ಮನಸ್ಸು ಎಲ್ಲೋ ಇಟ್ರೆ ಇನ್ನೇನಾಗತ್ತೆ?"

ಮೂರು ವಾರದ ನಂತರ ವಿಚಾರಣೆ ಎಂದು ಕಾಗದ ಬಂತು. ತಪ್ಪು ಯಂತ್ರದ್ದೋ ಕೆಲಸದ ವ್ಯವಸ್ಥೆಯದೋ ಎಂದಾದರೆ ಮುಂದಿನ ಚಿಕಿತ್ಸೆ ಕಂಪನಿಯದು, ಅಕ್ಕನಿಗೆ ಕೂತು ಮಾಡುವ ಬೇರೆ ಕೆಲಸ. ತಪ್ಪು ಅವಳದೇ ಎಂದಾದರೆ ಎರಡೂ ಇಲ್ಲ. ಎರಡು ಬೆರಳು ಅಂಟಿಕೊಂಡ ಕೈಯನ್ನು ಇನ್ಯಾವ ಕಾರ್ಖಾನೆ ಒಳಗೆ ಬಿಟ್ಟುಕೊಳ್ಳುತ್ತದೆ?

ನಾನು ಆಗ ಸಂಜೆ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದುತ್ತಿದ್ದೆ. ದಿನವಿಡೀ ನಿಂತು ಬಂದು ಬೆಂಚಿನ ಮೇಲೆ ಕೂತರೆ ಸಾಕು, ಪಾಠ ಯಾವುದಾದರೇನು ಎನ್ನುವಂಥ ಎಂಟು ಜನ ನಮ್ಮ ತರಗತಿಯಲ್ಲಿ. ಕಾರ್ಖಾನೆಯಲ್ಲಿ ಇದೊಂದು ತಮಾಷೆಯ ಸಂಗತಿಯಾಗಿತ್ತು. ಅಕ್ಕನ ಸಾಲಿನಲ್ಲೇ ಹಿರಿಯಳಾದ, ಬಾಯಿ ನಿಲ್ಲದ ಒಬ್ಬಳಿದ್ದಳು. ಎಲ್ಲರೂ ಅವಳನ್ನು ಗಿರಗಿಟ್ಲೆ ಎನ್ನುತ್ತಿದ್ದರು. "ಸಮಾಜಶಾಸ್ತ್ರ ಓದಿ ಏನ್ ಕಡೀತೀಯೇ?" ಎಂದು ಕೇಳುತ್ತಿದ್ದಳು. "ಸಮಾಜ ನಮಗೆ ದಿನಾ ಪಾಠ ಹೇಳ್ತಾನೇ ಇದೆಯಲ್ಲ, ಫೀಸೂ ಇಲ್ದೆ!"

ಆದರೆ ನಮ್ಮ ಮೇಷ್ಟ್ರು ಒಂದು ಮಾತು ಹೇಳಿದ್ದರು. ಒಬ್ಬಳು ಜಾರಿ ಬಿದ್ದರೆ ಅವಳ ಕಾಲು ನೋಡಿ, ಹತ್ತು ಜನ ಒಂದೇ ಕಡೆ ಬಿದ್ದರೆ ನೆಲ ನೋಡಿ. ಇಡೀ ವಿಷಯ ಇಷ್ಟೇ, ಉಳಿದದ್ದೆಲ್ಲ ಪರೀಕ್ಷೆಗೆ.

ನಾನು ನೆಲ ನೋಡಲು ಹೊರಟೆ.

ಕಾರಕೂನನನ್ನು ಕಾಡಿ ಬೇಡಿ ಅಪಘಾತದ ಪುಸ್ತಕ ನೋಡಿದೆ. ನಾಲ್ಕು ವರ್ಷದಲ್ಲಿ ಅದೇ ರೋಲರಿನಲ್ಲಿ ಅಕ್ಕನಿಗಿಂತ ಮುಂಚೆ ಹನ್ನೊಂದು ಜನ. ಹನ್ನೊಂದೂ ಬಲಗೈ. ಹನ್ನೊಂದೂ ಮಧ್ಯಾಹ್ನ ಮೂರೂವರೆಯಿಂದ ಐದರ ಒಳಗೆ. ಕಾರಣದ ಕಾಲಮಿನಲ್ಲಿ ಪ್ರತಿ ಪುಟದ ಮೊದಲ ಸಾಲು ಪೂರ್ತಿ ಬರೆದವನು ಆಮೇಲೆ ಬೇಸತ್ತು ಬರೀ ಮೇಲಿನಂತೆ, ಮೇಲಿನಂತೆ ಎಂದು ಗೀಚಿದ್ದ.

ಹನ್ನೊಂದು ಮನೆಗೂ ಹೋದೆ. ಎರಡು ಭಾನುವಾರ, ಮತ್ತೆ ಕಾಲೇಜು ತಪ್ಪಿಸಿದ ನಾಲ್ಕು ಸಂಜೆ. ಒಬ್ಬಳು ಮೊಮ್ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಎರಡೇ ಬೆರಳಲ್ಲಿ ಚಡ್ಡಿ ಏರಿಸುತ್ತಿದ್ದಳು. ಒಬ್ಬಳು ಬಾಗಿಲನ್ನು ಅರ್ಧ ಮಾತ್ರ ತೆರೆದಳು. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದೆ: ಹೇಗಾಯ್ತು?

"ನನ್ನದೇ ತಪ್ಪು. ಆವತ್ತು ಜ್ವರ ಇತ್ತು, ರಜಾ ಹಾಕ್ಬೇಕಿತ್ತು."

"ನನ್ನದೇ ತಪ್ಪು. ಮಗಳ ರಿಸಲ್ಟು ಬರೋದಿತ್ತು, ಗಡಿಯಾರ ನೋಡ್ತಿದ್ದೆ."

"ನನ್ನದೇ ತಪ್ಪಮ್ಮ. ನನ್ ಗಂಡ ಹೇಳ್ತಾನೇ ಇರ್ತಾನೆ, ನೀನು ಹುಟ್ಟಾ ಪೆದ್ದಿ ಅಂತ."

ಹನ್ನೊಂದು ತಪ್ಪು, ಹನ್ನೊಂದು ಬಗೆ. ಒಂದೇ ಯಂತ್ರ, ಒಂದೇ ಹೊತ್ತು, ಒಂದೇ ಕೈ. ಹನ್ನೊಂದು ಹೆಂಗಸರು ಹನ್ನೊಂದು ಕೋಣೆಗಳಲ್ಲಿ ಕೂತು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಒಂದೇ ಅಪರಾಧವನ್ನು ಒಪ್ಪಿಕೊಳ್ಳುತ್ತಿದ್ದರು. ಪೊಲೀಸರು ಬೇಡ, ಲಾಠಿ ಬೇಡ. ಇಷ್ಟು ಚೆನ್ನಾಗಿ ಕೆಲಸ ಮಾಡುವ ಯಂತ್ರ ಆ ಕಾರ್ಖಾನೆಯಲ್ಲಿ ಇನ್ನೊಂದಿರಲಿಲ್ಲ.

ಉಳಿದದ್ದು ತಾನಾಗಿ ಬಿಚ್ಚಿಕೊಂಡಿತು. ದೊಡ್ಡ ಆಸ್ಪತ್ರೆಯ ಬಟ್ಟೆ ಬರುವುದು ಮಧ್ಯಾಹ್ನ. ಅದನ್ನು ಒಯ್ಯುವ ವ್ಯಾನು ಐದಕ್ಕೆ ಹೊರಡಬೇಕು. ಹಾಗಾಗಿ ಮೂರೂವರೆಯ ಮೇಲೆ ರೋಲರಿನ ವೇಗ ಏರಿಸುತ್ತಾರೆ. ಗಂಟು ಬಿಚ್ಚುವ ಮೇಜಿನಲ್ಲಿ ಮೊದಲು ಆರು ಜನ ಇದ್ದರು, ನಾಲ್ಕು ವರ್ಷದ ಹಿಂದೆ ಇಬ್ಬರಾದೆವು. ಇಬ್ಬರಿಗೆ ಎಲ್ಲ ಗಂಟು ಬಿಚ್ಚಲಾಗುವುದಿಲ್ಲ. ಬಿಚ್ಚದ ಗಂಟು ಒಗೆತದಲ್ಲಿ ಕಲ್ಲಾಗುತ್ತದೆ. ರೋಲರಿನ ಬಾಯಿಗೆ ಬಂದಾಗ ಅದನ್ನು ಕೈಹಾಕಿ ಎಳೆಯಬೇಕು, ಬಲಗೈಯಿಂದ. ಅಕ್ಕ ಎಳೆಯಹೋದ ಗಂಟು ಹೋದದ್ದು ನನ್ನ ಮೇಜಿನಿಂದ. ಅದನ್ನೂ ಬರೆದುಕೊಂಡೆ. ಬರೆದಾಗ ನನ್ನ ನಾಲಿಗೆಗೂ ಅದೇ ಮಾತು ಬಂದಿತ್ತು, ನನ್ನದೇ ತಪ್ಪು ಎಂದು. ಹನ್ನೆರಡು ಸಲ ಕೇಳಿದ ಮಾತು, ಹದಿಮೂರನೆಯ ಬಾಯಿ ಹುಡುಕುತ್ತಿತ್ತು.

ಇನ್ನು ಬಾಯಿಬಟ್ಟೆಯ ವಿಷಯ.

ಅಡ್ಡಪಟ್ಟಿಗೆ ಕೈಯೇ ತಾಗಬೇಕೆಂದಿಲ್ಲ, ಮುದ್ದೆಯಾದ ಬಟ್ಟೆ ತಾಗಿದರೂ ರೋಲರ್ ನಿಲ್ಲುತ್ತದೆ. ಮತ್ತೆ ಹೊರಡಲು ಮೂರು ನಿಮಿಷ. ತಲೆಯ ಮೇಲೊಂದು ಬೋರ್ಡಿದೆ, ಎಷ್ಟು ಬಟ್ಟೆ ಹೋಯಿತೆಂದು ತೋರಿಸುತ್ತದೆ. ಹಿಂದೆ ಬಿದ್ದರೆ ಅಂಕಿ ಕೆಂಪಾಗುತ್ತದೆ. ಕೆಂಪಾದ ಸಾಲಿಗೆ ಟೀ ಬಿಡುವಿಲ್ಲ, ಎಂದರೆ ಉಚ್ಚೆಗೂ ಬಿಡುವಿಲ್ಲ. ನಮ್ಮ ಸೂಪರ್‌ವೈಸರ್ ಮನುಷ್ಯರ ಮುಖ ನೋಡದೆ ಅದೊಂದನ್ನೇ ನೋಡುತ್ತಿದ್ದ. ಅವನಿಗೆ ಬೋರ್ಡಪ್ಪ ಎಂದೇ ಹೆಸರು. ಹಾಗಾಗಿ ಹೆಂಗಸರು ಹರಿದ ತಲೆದಿಂಬಿನ ಬಟ್ಟೆಯಿಂದ ಒಂದು ಪಟ್ಟೆ ಸೀಳಿ, ಬೆಳಿಗ್ಗೆ ಬಂದ ಕೂಡಲೇ ಆ ಅಡ್ಡಪಟ್ಟಿಯನ್ನು ಅಲುಗದಂತೆ ಬಿಗಿದು ಕಟ್ಟುತ್ತಿದ್ದರು. ಅದಕ್ಕೇ ಬಾಯಿಬಟ್ಟೆ ಎನ್ನುತ್ತಿದ್ದರು. ಮೊದಲ ದಿನ ಬಂದವಳಿಗೆ ಪಕ್ಕದಲ್ಲಿ ನಿಲ್ಲುವವಳು ತನ್ನ ಕೈಯಾರೆ ಒಂದು ಪಟ್ಟೆ ಸೀಳಿ ಕೊಡಬೇಕು. ಅದನ್ನು ಕೊಡದೆ ಯಾರೂ ಯಾರಿಗೂ ಊಟದ ಡಬ್ಬಿ ತೆರೆದು ತೋರಿಸುತ್ತಿರಲಿಲ್ಲ. ನನಗೆ ಕೊಟ್ಟವಳು ಅಕ್ಕ, ನಾನು ಮೂರು ತಿಂಗಳು ಆ ಸಾಲಿನಲ್ಲಿದ್ದಾಗ.

ಇದನ್ನು ಬರೆಯಲೋ ಬೇಡವೋ ಎಂದು ಮೇಷ್ಟ್ರನ್ನು ಕೇಳಿದೆ.

"ಕಂಡಿದ್ದನ್ನ ಬಿಟ್ರೆ ಅದು ಕರಪತ್ರ ಆಗತ್ತೆ, ಅಧ್ಯಯನ ಆಗಲ್ಲ," ಅಂದರು. "ಕಟ್ತಾರೆ ಅನ್ನೋದನ್ನೂ ಬರಿ. ಯಾಕೆ ಕಟ್ತಾರೆ ಅನ್ನೋದನ್ನ ಅದರ ಎರಡರಷ್ಟು ಬರಿ. ಓದಿದೋರಿಗೆ ಅರ್ಥ ಆಗತ್ತೆ."

ಗಿರಗಿಟ್ಲೆಯನ್ನೂ ಕೇಳಿದೆ. ಅವಳು ಡಬ್ಬಿಯ ಮುಚ್ಚಳ ನೆಕ್ಕುತ್ತಾ ನಕ್ಕಳು. "ಬರ್ಕೋ ಬರ್ಕೋ! ನಾನೇ ಹತ್ತು ಜನಕ್ಕೆ ಕೊಟ್ಟಿದೀನಿ. ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ಕೈ ಕೆಸರಾದ್ರೆ ಬಾಯಿ ಮೊಸರಂತೆ. ನಮ್ದು ಕೈ ಬೆಂದ್ರೂ ಬಾಯಿಗೆ ಬರೀ ಬಟ್ಟೆ. ಇದನ್ನೂ ಬರ್ಕೋ."

ಬರೆದುಕೊಂಡೆ. ಮೂವತ್ತೆರಡು ಪುಟ. ಯಾರ ಹೆಸರೂ ಹಾಕಲಿಲ್ಲ. ಎರಡು ಪ್ರತಿ ಮಾಡಿಸಿ ಒಂದನ್ನು ವಿಚಾರಣೆಯ ಅಧಿಕಾರಿಗೆ, ಒಂದನ್ನು ಕಂಪನಿಗೆ ಮುಂಚಿತವಾಗಿಯೇ ಕೊಟ್ಟೆ. ಸತ್ಯವನ್ನು ಮೊದಲೇ ಕೊಟ್ಟರೆ ಓದಿಕೊಂಡು ಬರುತ್ತಾರಲ್ಲ ಎಂದುಕೊಂಡೆ. ಓದಿಕೊಂಡೇ ಬಂದರು.

ವಿಚಾರಣೆ ನಡೆದದ್ದು ಆಫೀಸಿನ ಮಹಡಿಯ ಕೋಣೆಯಲ್ಲಿ. ಉದ್ದ ಮೇಜು, ಗಾಜಿನ ಲೋಟಗಳಲ್ಲಿ ನೀರು, ಲೋಟದ ಮೇಲೆ ಕಾಗದದ ಮುಚ್ಚಳ. ಅಧಿಕಾರಿ ಕೆಟ್ಟ ಮನುಷ್ಯನಲ್ಲ. ಅಕ್ಕನಿಗೆ ಕುರ್ಚಿ ಹಾಕಿಸಿದ. ಬೋರ್ಡಪ್ಪ ಗೋಡೆಗೆ ಒರಗಿ ನಿಂತಿದ್ದ. ಕಂಪನಿಯ ಕಡೆಯಿಂದ ಮುಖ್ಯ ಕಚೇರಿಯ ಒಬ್ಬ ಮೇಡಂ ಬಂದಿದ್ದರು, ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಅವರ ಮುಂದೆ ನನ್ನ ಮೂವತ್ತೆರಡು ಪುಟ ಇತ್ತು. ಪ್ರತಿ ಪುಟದಲ್ಲೂ ಪೆನ್ಸಿಲಿನ ಗುರುತು. ಅಷ್ಟು ಶ್ರದ್ಧೆಯಿಂದ ನನ್ನ ಬರಹವನ್ನು ಅದುವರೆಗೆ ಯಾರೂ ಓದಿರಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಖುಷಿಯಾಯಿತು.

"ಬಹಳ ಚೆನ್ನಾಗಿದೆ," ಅಂದರು ಮೇಡಂ. "ನಾನೂ ಓದಿದ್ದು ಇದೇ ವಿಷಯ. ಎಂ.ಎ.ನಲ್ಲಿ ನನಗೂ ಇಷ್ಟು ನೀಟಾಗಿ ಬರೆಯಕ್ಕೆ ಬರ್ತಿರಲಿಲ್ಲ."

"ಥ್ಯಾಂಕ್ಸ್ ಮೇಡಂ."

"ಹತ್ತೊಂಬತ್ತನೇ ಪುಟ ಸ್ವಲ್ಪ ಓದ್ತೀನಿ, ಸಾರ್." ಅವರು ಅಧಿಕಾರಿಯ ಕಡೆ ತಿರುಗಿ ಓದಿದರು. ಬಾಯಿಬಟ್ಟೆಯ ಪುಟ. ತಲೆದಿಂಬಿನ ಬಟ್ಟೆ ಸೀಳುವುದು, ಬೆಳಿಗ್ಗೆ ಕಟ್ಟುವುದು, ಹೊಸಬಳಿಗೆ ಪಕ್ಕದವಳು ಕೊಡುವುದು. ನನ್ನ ವಾಕ್ಯಗಳು ಅವರ ಬಾಯಲ್ಲಿ ಇನ್ನೂ ಚೆನ್ನಾಗಿ ಕೇಳಿದವು. "ಇದು ನೀವೇ ಬರೆದದ್ದು ತಾನೇ?"

"ಹೌದು ಮೇಡಂ. ಆದರೆ ಇಪ್ಪತ್ತರಿಂದ ಇಪ್ಪತ್ತೆಂಟನೇ ಪುಟದವರೆಗೂ ಓದಿ. ಬೋರ್ಡು, ವ್ಯಾನು, ಗಂಟಿನ ಮೇಜು... ಯಾಕೆ ಕಟ್ತಾರೆ ಅಂತ—"

"ಯಾಕೆ ಅನ್ನೋದು ನಿಮ್ಮ ಅಭಿಪ್ರಾಯ. ಕಟ್ತಾರೆ ಅನ್ನೋದು ಸಂಗತಿ."

ಅಧಿಕಾರಿ ಕನ್ನಡಕ ತೆಗೆದು ಅಕ್ಕನನ್ನು ನೋಡಿದ. "ಆವತ್ತು ಪಟ್ಟಿ ಕಟ್ಟಿತ್ತೇನಮ್ಮ?"

ಅಕ್ಕ ನನ್ನನ್ನು ನೋಡಿದಳು. ಚಿಕ್ಕಂದಿನಲ್ಲಿ ನಾನು ಶಾಲೆಯಲ್ಲಿ ಏನಾದರೂ ಎಡವಟ್ಟು ಮಾಡಿದಾಗ ನನ್ನ ಪರವಾಗಿ ಮಾತಾಡಲು ಬಂದು ನಿಲ್ಲುತ್ತಿದ್ದಳಲ್ಲ, ಅದೇ ನೋಟ.

"ಕಟ್ಟಿತ್ತು ಸಾರ್."

"ಕಟ್ಟಿದ್ದು ಯಾರು?"

"ನಾನೇ."

"ಹೇಳಿಕೊಟ್ಟೋರು?"

"ಯಾರೂ ಇಲ್ಲ ಸಾರ್. ಕೈಯೇ ಕಲ್ತ್ಕೊಳ್ತು."

"ನಿಮಗೆ ಇದು ಗೊತ್ತಿತ್ತಾ?" ಪ್ರಶ್ನೆ ಬೋರ್ಡಪ್ಪನಿಗೆ. ಹರಿದ ತಲೆದಿಂಬುಗಳನ್ನು ಪ್ರತಿ ಸೋಮವಾರ ಸಾಲಿನ ಪಕ್ಕ ತಂದಿಡುತ್ತಿದ್ದವನು ಅವನೇ. ಕತ್ತರಿ ಬೇಕಾದರೆ ಅವನ ಮೇಜಿನ ಡ್ರಾಯರಿನಿಂದ ತೆಗೆದುಕೊಳ್ಳುತ್ತಿದ್ದರು. ಆದರೆ ಒಂದು ದಿನವೂ ಅವನು ಬಾಯಿಬಿಟ್ಟು ಕಟ್ಟಿ ಎಂದವನಲ್ಲ.

"ಇಲ್ಲ ಸಾರ್," ಅಂದ ಬೋರ್ಡಪ್ಪ. "ಈ ಹುಡುಗಿ ಬರೆದದ್ದನ್ನ ಓದಿದ ಮೇಲೇ ಗೊತ್ತಾಗಿದ್ದು." ಹೇಳಿ ನನ್ನ ಕಡೆ ನೋಡಿ ತಲೆಯಾಡಿಸಿದ, ಉಪಕಾರ ನೆನೆಯುವವನ ಹಾಗೆ.

ಕೋಲು ಕೊಟ್ಟು ಹೊಡೆಸಿಕೊಂಡೆವು. ಅದೂ ನಾನೇ ನಯವಾಗಿ ಕೆತ್ತಿ, ಎಣ್ಣೆ ಹಚ್ಚಿ ಕೊಟ್ಟ ಕೋಲು.

ಮೇಡಂ ಕೊನೆಯಲ್ಲಿ ಹೇಳಿದ ಮಾತು ಇದು: "ಇದನ್ನ ಒಬ್ಬರ ತಪ್ಪು ಅಂತ ನಾವೂ ಹೇಳ್ತಿಲ್ಲ ಸಾರ್. ಇದು ಸಂಸ್ಕೃತಿ. ಕೆಲಸದ ಜಾಗದ ಸಂಸ್ಕೃತಿ ಬದಲಾಗಬೇಕು. ಈ ಅಧ್ಯಯನ ನಮಗೆ ಬಹಳ ಸಹಾಯ ಮಾಡಿದೆ."

ಮಾಡಿದ್ದು ನಿಜ. ಒಂದೇ ವಾರದಲ್ಲಿ ಸಾಲಿನ ಉಳಿದ ಹದಿಮೂರು ಹೆಂಗಸರಿಗೂ ನೋಟಿಸು ಬಂತು: ಸುರಕ್ಷತಾ ಸಾಧನಕ್ಕೆ ಅಡ್ಡಿ ಮಾಡಿದ್ದಕ್ಕೆ ಕೆಲಸದಿಂದ ಏಕೆ ತೆಗೆಯಬಾರದು? ಅಡ್ಡಪಟ್ಟಿಯ ಎರಡು ತುದಿಗೂ ಉಕ್ಕಿನ ಗೂಡು ಬಂತು, ಗೂಡಿಗೆ ಬೀಗ, ಇನ್ನು ಯಾರೂ ಬಟ್ಟೆ ಕಟ್ಟುವಂತಿಲ್ಲ. ಯಾರೂ ಯಾರ ಪಕ್ಕದಲ್ಲೂ ಒಂದು ವಾರಕ್ಕಿಂತ ಹೆಚ್ಚು ನಿಲ್ಲಬಾರದೆಂದು ಸರದಿ ಪಟ್ಟಿ ಬಂತು. ಪಕ್ಕದವಳಿಂದ ಪಕ್ಕದವಳಿಗೆ ಅಭ್ಯಾಸ ದಾಟುತ್ತದೆ ಎಂದು ಬರೆದವಳು ನಾನೇ ತಾನೇ? ಆ ಮೇಡಂ ಹತ್ತೊಂಬತ್ತನೇ ಪುಟವನ್ನು ನಮ್ಮ ಮೇಷ್ಟ್ರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಬೋರ್ಡು ಹಾಗೇ ಇತ್ತು. ವ್ಯಾನು ಐದಕ್ಕೇ ಹೊರಡುತ್ತಿತ್ತು. ಗಂಟಿನ ಮೇಜಿನಲ್ಲಿ ನಾವು ಇಬ್ಬರೇ ಇದ್ದೆವು. ಈಗ ದಿನಕ್ಕೆ ಮೂವತ್ತು ಸಲ ಸೈರನ್ ಕೂಗುತ್ತಿತ್ತು, ವಾರವಿಡೀ ಅಂಕಿ ಕೆಂಪು, ಯಾರಿಗೂ ಟೀ ಇಲ್ಲ.

ಸಮಾಜಶಾಸ್ತ್ರ ಯಾತಕ್ಕೆ ಬರುತ್ತದೆ ಎಂದು ಇನ್ನು ಯಾರೂ ನನ್ನನ್ನು ಕೇಳಬೇಕಾಗಿರಲಿಲ್ಲ. ಮಾಲೀಕರು ಅದನ್ನು ಯಾವತ್ತೂ ಕೇಳಿದವರಲ್ಲ. ಅದನ್ನು ಓದಿದವರನ್ನೇ ಸಂಬಳ ಕೊಟ್ಟು ಇಟ್ಟುಕೊಂಡಿದ್ದಾರೆ. ಕೇಳುವುದೆಲ್ಲ ನಮ್ಮವರು, ನಗುತ್ತಾ.

ನಾನು ಊಟದ ಕೋಣೆಗೆ ಹೋದರೆ ಮಾತು ನಿಲ್ಲತೊಡಗಿತು. ಒಂದು ದಿನ ಗಿರಗಿಟ್ಲೆಯ ಪಕ್ಕ ಹೋಗಿ ಕೂತೆ. ಅವಳು ಡಬ್ಬಿ ಮುಚ್ಚಿದಳು.

"ಅಕ್ಕ, ನಾನು ಯಾರ ಹೆಸರೂ ಹಾಕಿಲ್ಲ."

"ಹದಿಮೂರು ಜನ ನಿಲ್ಲೋ ಸಾಲಿಗೆ ಹೆಸರು ಯಾತಕ್ಕೆ ತಂಗಿ? ಎಣಿಸಿದ್ರೆ ಸಾಕಲ್ಲ."

"ನೀವೇ ಬರ್ಕೋ ಅಂದ್ರಲ್ಲ."

"ಅಂದೆ. ನಕ್ಕೊಂಡು ಅಂದೆ." ಅವಳು ಎದ್ದಳು. ಅಷ್ಟು ವರ್ಷದಲ್ಲಿ ಅವಳು ಇಷ್ಟು ಕಡಿಮೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ನಮ್ ನಗೂನ ನೀನು ಅರ್ಜಿ ಮಾಡ್ಬಿಟ್ಟೆ."

ಮೇಷ್ಟ್ರಿಗೆ ಎಲ್ಲ ಹೇಳಿದೆ. ಅವರು ಬೋರ್ಡಿನ ಮೇಲಿನ ಸೀಮೆಸುಣ್ಣದ ಗೀರುಗಳನ್ನು ಒರೆಸಿದರು. "ಅಧ್ಯಯನದಲ್ಲಿ ತಪ್ಪಿಲ್ಲ," ಅಂದರು. ಆಮೇಲೆ, "ಅವರೂ ಓದ್ತಾರೆ ಅನ್ನೋದನ್ನ ನಾನು ಮರೆತುಬಿಟ್ಟಿದ್ದೆ," ಅಂದರು. ಅವರ ಮೇಲೆ ಸಿಟ್ಟು ಮಾಡಲೂ ನನ್ನಿಂದ ಆಗಲಿಲ್ಲ.

ಅಕ್ಕನ ವಿಚಾರಣೆಯ ತೀರ್ಪು ಇನ್ನೂ ಬಂದಿರಲಿಲ್ಲ, ಅಷ್ಟರಲ್ಲಿ ಒಂದು ಭಾನುವಾರ ಬೆಳಿಗ್ಗೆ ಕಾರ್ಖಾನೆಯ ಕಾರಕೂನ ಮನೆಗೆ ಬಂದು ಅಕ್ಕನ ಕೈಗೆ ಒಂದು ಕಾಗದ ಕೊಟ್ಟು, ಟೀ ಕುಡಿದು ಹೋದ. ಅಕ್ಕ ತಾನಾಗಿ ತಪ್ಪೊಪ್ಪಿಗೆ ಬರೆದುಕೊಟ್ಟು ಕೆಲಸ ಬಿಟ್ಟರೆ ಉಳಿದ ಹದಿಮೂರು ಜನರ ನೋಟಿಸು ಹಿಂದಕ್ಕೆ. ಎರಡು ಆಪರೇಷನ್ನಿನಲ್ಲಿ ಒಂದನ್ನು ಕಂಪನಿ ಮಾಡಿಸುತ್ತದೆ. ಬರೆಯದಿದ್ದರೆ ಎಲ್ಲರದ್ದೂ ವಿಚಾರಣೆ, ಒಬ್ಬೊಬ್ಬರಾಗಿ.

"ಬರೀಬೇಡ," ಅಂದೆ. "ಹದಿನಾಲ್ಕೂ ಜನ ಒಟ್ಟಿಗೆ ನಿಂತ್ರೆ—"

"ನಿನ್ನ ಮಾತು ಕೇಳಿ ನಿಲ್ತಾರಾ ಈಗ?"

ಅಕ್ಕ ಬಾಗಿಲ ಬಳಿ ಬಿಸಿಲಿಗೆ ಕೈ ಹಿಡಿದುಕೊಂಡು ಕೂತಿದ್ದಳು; ಕಟ್ಟು ಬಿಚ್ಚಿ ಗಾಳಿಗೆ ಬಿಡಬೇಕೆಂದು ಡಾಕ್ಟರು ಹೇಳಿದ್ದರು.

"ನೀನು ಬರೆದಿದ್ದೀಯಲ್ಲ, ಅದನ್ನ ಒಂದ್ಸಲ ಓದೇ. ನಾನು ಕೇಳೇ ಇಲ್ಲ."

"ಯಾಕೀಗ?"

"ಓದು. ಆ ಹನ್ನೊಂದು ಜನ ಇದಾರಲ್ಲ, ಅಲ್ಲಿಂದ."

ಓದಿದೆ. ಜ್ವರದವಳು, ಮಗಳ ರಿಸಲ್ಟಿನವಳು, ಪೆದ್ದಿ ಎನ್ನಿಸಿಕೊಂಡವಳು. ಅಕ್ಕ ಒಬ್ಬೊಬ್ಬಳಿಗೂ ಹೂಂಗುಟ್ಟುತ್ತಿದ್ದಳು. ಹನ್ನೊಂದನೆಯವಳು ಮುಗಿದ ಮೇಲೆ ಕೇಳಿದಳು:

"ಎಲ್ರೂ ನನ್ನದೇ ತಪ್ಪು ಅಂದ್ರಾ?"

"ಎಲ್ರೂ."

"ಒಬ್ಳೂ ಬೇರೆ ಅನ್ನಲಿಲ್ವಾ?"

"ಇಲ್ಲ."

ಅಕ್ಕನ ಮುಖದ ಮೇಲೆ ಏನೋ ಆಯಿತು. ಅಳು ಎಂದುಕೊಂಡೆ, ಅಲ್ಲ. ಇಷ್ಟು ದಿನ ಒಬ್ಬಳೇ ಹೊತ್ತಿದ್ದ ಮೂಟೆಯನ್ನು ಕೆಳಗಿಳಿಸಿ, ಅದು ತನ್ನದಲ್ಲವೆಂದು ನೋಡಿದವಳ ಮುಖ ಅದು. ಮೂವತ್ತೆರಡು ಪುಟದಿಂದ ಜಗತ್ತಿನಲ್ಲಿ ಆದ ಒಳ್ಳೆಯದು ಇಷ್ಟೇ, ಅದೂ ಒಂದು ನಿಮಿಷ ಇತ್ತು.

"ಹಂಗಾದ್ರೆ ಬಾಡಿಗೆ ಜಗಳ ಯೋಚ್ನೆ ಮಾಡ್ದೇ ಇದ್ದಿದ್ರೂ ಕೈ ಹೋಗ್ತಿತ್ತು," ಅಂದಳು.

"ಹೋಗ್ತಿತ್ತು. ಇಲ್ಲಾಂದ್ರೆ ಪಕ್ಕದೋಳ್ದು."

"ಸರಿ. ಪೆನ್ನು ತಗೋ."

"ಅಕ್ಕ!"

"ತಗೊಳೇ. ನನಗೆ ಬರೆಯಕ್ಕೆ ಆಗಲ್ಲ. ಈಗ ಗೊತ್ತಾಯ್ತಲ್ಲ ನನ್ ತಪ್ಪಲ್ಲ ಅಂತ, ಇನ್ನು ಬರ್ಕೊಡೋಕೆ ಏನು ಕಷ್ಟ? ಗೊತ್ತಿಲ್ದೆ ಇದ್ದಾಗ ಬರ್ದಿದ್ರೆ ಸಾಯೋವರೆಗೂ ನಂಬ್ಕೊಂಡಿರ್ತಿದ್ದೆ. ಬರಿ. ನನ್ನ ಸ್ವಂತ ತಪ್ಪಿನಿಂದ ಅಂತ."

ನಾನು ಬರೆಯಲಿಲ್ಲ. ಅವಳು ಹದಿಮೂರು ಜನರನ್ನು ಒಬ್ಬೊಬ್ಬರಾಗಿ ಹೇಳತೊಡಗಿದಳು. ಗಿರಗಿಟ್ಲೆಗೆ ಇನ್ನು ಎರಡು ವರ್ಷ ಸರ್ವೀಸು. ಕನ್ನಡಕದೋಳಿಗೆ ಮೂರು ಮಕ್ಕಳು. ಮೊನ್ನೆ ಮೊನ್ನೆ ಸೇರಿದೋಳು ಬಸುರಿ. ಏಳನೆಯವಳಿಗೆ ಬಂದಾಗ ನಾನು ಬರೆಯಲು ಶುರುಮಾಡಿದೆ. ನಾಲ್ಕು ಸಾಲು. ಕಾಲೇಜಿನಲ್ಲಿ ಕಲಿಸಿದ ಹಾಗೆ ಸ್ಪಷ್ಟವಾಗಿ, ಚಿತ್ತಿಲ್ಲದೆ, ಅಂಚು ಬಿಟ್ಟು ಬರೆದೆ.

ಅಕ್ಕ ಎಡಗೈಯಲ್ಲಿ ಪೆನ್ನು ಹಿಡಿದು, ನಾಲಿಗೆ ಹೊರಗೆ ಚಾಚಿ, ಒಂದನೇ ಕ್ಲಾಸಿನ ಮಗುವಿನ ಹಾಗೆ ಸಹಿ ಮಾಡಿದಳು. ಎರಡು ಸಲ ಪೆನ್ನು ಜಾರಿತು. ಮುಗಿಸಿ ಕಾಗದವನ್ನು ದೂರ ಹಿಡಿದು ನೋಡಿದಳು.

"ಓದೋಕಾಗತ್ತೇನೇ?"

"ಆಗತ್ತೆ," ಅಂದೆ.